ದಮ್ಮು ಅವ್ವನಿಗೆ, ಒಟಿಪಿ ಮಗನಿಗೆ

ಒಂದು ಸಣ್ಣ ಲೆಕ್ಕ. ಮೈ ಚೆನ್ನಾಗಿರುವ ದಿನ ನೀವು ಪೀಕ್ ಫ್ಲೋ ಮೀಟರಿಗೆ ಬಾಯಿಟ್ಟು ಜೋರಾಗಿ ಊದಿದರೆ ಮುಳ್ಳು 400ರವರೆಗೆ ಹೋಗುತ್ತದೆ. ಇವತ್ತು 260ಕ್ಕೇ ನಿಂತುಬಿಟ್ಟಿದೆ. ಒಳ್ಳೆಯ ದಿನದ ಅಂಕಿಯ ಶೇ 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80ರ ನಡುವೆ ಹಳದಿ, 50ಕ್ಕಿಂತ ಕೆಳಗಿಳಿದರೆ ಕೆಂಪು ಎಂದು ಡಾಕ್ಟರು ಹೇಳಿದ್ದಾರೆ. ನೀವೀಗ ಯಾವ ಬಣ್ಣದಲ್ಲಿದ್ದೀರಿ? ಕಾಫಿ ಕುಡಿಯುತ್ತಾ ಪೇಪರ್ ಓದುವವರಿಗೆ ಇದೇನು ಮಹಾ: ಶೇ 65, ಹಳದಿ. ಆದರೆ ಈ ಲೆಕ್ಕ ಮಾಡಬೇಕಾದವರು ರಾತ್ರಿ ಮೂರು ಗಂಟೆಗೆ ಎದೆ ಸುಂಯ್ ಎನ್ನುತ್ತಿರುವಾಗ ದಿಂಬಿಗೊರಗಿ ಕೂತಿರುತ್ತಾರೆ. ಅವರು ಶಾಲೆಯ ಮೆಟ್ಟಿಲಿಳಿದು ನಲವತ್ತು ವರ್ಷವಾಗಿರಬಹುದು, ಆ ಮೆಟ್ಟಿಲನ್ನೇ ಹತ್ತದೆಯೂ ಇರಬಹುದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಸ್ತಮಾ ತಜ್ಞೆ ಆಂಡ್ರಿಯಾ ಆಪ್ಟರ್ ಮತ್ತು ಸಂಗಡಿಗರು ಇಂಥದೇ ಲೆಕ್ಕಗಳನ್ನು ರೋಗಿಗಳ ಮುಂದಿಟ್ಟು ನೋಡಿದರು. ನಾಲ್ಕೇ ಪ್ರಶ್ನೆ. ಸ್ಟಿರಾಯ್ಡ್ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು, ಪೀಕ್ ಫ್ಲೋ ಯಾವ ಪಟ್ಟಿಯಲ್ಲಿದೆ ಎಂಬಂಥವು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದ 73 ವಯಸ್ಕರ ಪೈಕಿ ನಾಲ್ಕಕ್ಕೂ ಸರಿಯುತ್ತರ ಕೊಟ್ಟವರು 12 ಮಂದಿ. ಒಂದಕ್ಕೂ ಉತ್ತರಿಸಲಾಗದವರು 6 ಮಂದಿ. ಎಲ್ಲರೂ ಅಸ್ತಮಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. ಔಷಧಿ ಚೀಟಿಯಲ್ಲಿತ್ತು, ಅದರ ಲೆಕ್ಕ ಕೈಗೆ ಹತ್ತಿರಲಿಲ್ಲ.

ಅಸ್ತಮಾದಲ್ಲಿ ರೋಗಿಯ ಲೆಕ್ಕಕ್ಕೆ ಇಷ್ಟೊಂದು ತೂಕ ಯಾಕೆಂದರೆ, ಇದು ಡಾಕ್ಟರ ಮುಂದೆ ಕೂತಾಗ ಬಾಲ ಮುದುರಿಕೊಳ್ಳುವ ಕಾಯಿಲೆ. ಹಗಲು ಹನ್ನೊಂದಕ್ಕೆ ಕ್ಲಿನಿಕ್ಕಿನಲ್ಲಿ ಎದೆ ನಿಚ್ಚಳ, ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಉಬ್ಬಸ. ಒಳಗೆ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಶ್ವಾಸನಾಳದ ಒಳಗೋಡೆ ಕೆರಳಿ ಊದಿಕೊಂಡಿರುತ್ತದೆ, ಕಫ ಸುರಿಸುತ್ತದೆ. ಇದು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವಂಥದು. ಅದರ ಮೇಲೆ ಹೊಗೆಯೋ ದೂಳೋ ಶೀತವೋ ತಾಗಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ದಮ್ಮು ಕಟ್ಟಿತು ಎಂದು ನಮಗೆ ಗೊತ್ತಾಗುವುದು ಆಗ. ಔಷಧಿಯೂ ಹಾಗೆಯೇ ಎರಡು ಬಗೆ. ಸಾಲ್ಬುಟಮಾಲ್‌ನಂಥದು ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಸ್ಟಿರಾಯ್ಡ್ ಇನ್ಹೇಲರ್ ಊತವನ್ನು ಇಳಿಸುತ್ತದೆ, ಆದರೆ ಅದಕ್ಕೆ ದಿನಗಳು, ವಾರಗಳು ಬೇಕು. ಎಳೆದ ಕೂಡಲೇ ಏನೂ ಗೊತ್ತಾಗದ ಔಷಧಿಯನ್ನು ದಿನಾ ಎಳೆಯಿರಿ, ಎಳೆದ ಕೂಡಲೇ ಪ್ರಾಣ ಬಂದಂತಾಗುವ ಔಷಧಿಯನ್ನು ಆದಷ್ಟು ಕಡಿಮೆ ಬಳಸಿ ಎಂದರೆ ಯಾರ ಮನಸ್ಸು ಒಪ್ಪುತ್ತದೆ? ಜನ ತಿರುಗಾಮುರುಗಾ ಮಾಡುತ್ತಾರೆ. ಅಸ್ತಮಾ ಚಿಕಿತ್ಸೆಯ ದಾರಿ ಹಾಕಿಕೊಡುವ ಜಾಗತಿಕ ಸಮಿತಿ ‘ಗಿನಾ’ 2019ರಲ್ಲಿ, ಬರೀ ಸಾಲ್ಬುಟಮಾಲ್‌ನಂಥ ಔಷಧಿಯೊಂದನ್ನೇ ನೆಚ್ಚಿಕೊಂಡಿರುವುದು ಸುರಕ್ಷಿತವಲ್ಲ, ಜೊತೆಗೆ ಸ್ಟಿರಾಯ್ಡ್ ಇರಲೇಬೇಕು ಎಂದು ಸಲಹೆಯನ್ನೇ ಬದಲಿಸಿತು. ಮೆಡಿಕಲ್ ಶಾಪಿನ ಕೌಂಟರಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿದಂತಿಲ್ಲ.

ಹಾಗಾಗಿ ರೋಗಿಯ ಕೈಗೇ ಲಗಾಮು ಕೊಡಬೇಕೆಂಬುದು ಹಳೆಯ ಮಾತು. ಯಾವ ಪಂಪು ಯಾವುದಕ್ಕೆ, ಉಸಿರು ಎಷ್ಟು ಕೆಟ್ಟರೆ ಎಷ್ಟು ಹೆಚ್ಚಿಸಬೇಕು, ಯಾವಾಗ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಆಸ್ಪತ್ರೆ ಸೇರುವ ಪ್ರಮೇಯ ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿದೆ. ಹೊಸದೆಂದರೆ ಆ ಹಾಳೆ ಪರದೆಯೊಳಕ್ಕೆ ಹೋಗಿರುವುದು. ಅಮೆರಿಕದಲ್ಲಿ ಮೈಚಾರ್ಟ್‌ನಂಥ ಪೋರ್ಟಲ್‌ಗಳಲ್ಲಿ ರೋಗಿ ತನ್ನ ಪರೀಕ್ಷೆಯ ಫಲಿತಾಂಶ ನೋಡಬಹುದು, ಡಾಕ್ಟರಿಗೆ ಸಂದೇಶ ಕಳಿಸಬಹುದು, ಔಷಧಿ ಮತ್ತೆ ಬರೆಸಿಕೊಳ್ಳಬಹುದು. 2021ರ ಏಪ್ರಿಲ್‌ನಿಂದಂತೂ ಅಲ್ಲಿ ರೋಗಿಯ ದಾಖಲೆಯನ್ನು ರೋಗಿಯಿಂದಲೇ ತಡೆಹಿಡಿಯುವುದು ಕಾನೂನಿಗೆ ವಿರುದ್ಧ. ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಆ್ಯಪ್ ಇದೆ. ನಮ್ಮಲ್ಲಿ 2019ರಲ್ಲಿ, ದೂರದ ಡಾಕ್ಟರನ್ನು ಪರದೆಯಲ್ಲೇ ಕಾಣುವ ಇ-ಸಂಜೀವಿನಿ ಬಂತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಶುರುವಾಗಿ, ಎಲ್ಲರಿಗೂ ‘ಆಭಾ’ ಎಂಬ ಆರೋಗ್ಯ ಖಾತೆಯ 14 ಅಂಕಿಯ ಸಂಖ್ಯೆ ಕೊಡುವ ಕೆಲಸ ಹಿಡಿಯಿತು. ದಾವಣಗೆರೆಯಲ್ಲಿ ತೆಗೆಸಿದ ಎಕ್ಸ್‌ರೇ ಮಣಿಪಾಲದಲ್ಲೂ ಸಿಗಬೇಕು ಎಂಬುದು ಅದರ ಆಶಯ. ಒಳ್ಳೆಯ ಆಶಯವೇ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿಗಳನ್ನೆಲ್ಲ ತುರುಕಿಕೊಂಡು ಊರೂರು ಅಲೆದವರು ಇದನ್ನು ಗೇಲಿ ಮಾಡಲಾರರು.

ತೊಡಕು ಇರುವುದು ಬೇರೆ ಕಡೆ. ಪೋರ್ಟಲ್ ಕಟ್ಟುವವರ ಕಣ್ಣ ಮುಂದೆ ಒಬ್ಬ ರೋಗಿಯಿರುತ್ತಾನೆ. ಅವನಿಗೆ ಓದು ಬರುತ್ತದೆ, ಲೆಕ್ಕ ಬರುತ್ತದೆ, ಅವನ ಜೇಬಿನಲ್ಲಿ ಅವನದೇ ಫೋನಿದೆ, ತನಗೆ ಅಸ್ತಮಾ ಇದೆಯೆಂದು ಗೊತ್ತಿದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಂಥವನು ಪೋರ್ಟಲ್ ಇಲ್ಲದಿದ್ದರೂ ಹೇಗೋ ಸಂಭಾಳಿಸಿಕೊಳ್ಳುತ್ತಿದ್ದ. ಅಮೆರಿಕದ ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ತಮ್ಮ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದು ನೋಡಿದವರು ಐವರಲ್ಲಿ ಮೂವರಷ್ಟು. ಹೊರಗುಳಿಯುವವರು ಹೆಚ್ಚಾಗಿ ವಯಸ್ಸಾದವರು, ಆದಾಯ ಕಡಿಮೆಯಿರುವವರು, ಹೆಚ್ಚು ಓದದವರು, ಇಂಗ್ಲಿಷ್ ಸಲೀಸಾಗಿ ಬಾರದವರು. ಇನ್ನು ಅಸ್ತಮಾದ ನಕ್ಷೆ ನೋಡಿ. ಅಲ್ಲಿ ಪೋರ್ಟೊರಿಕೊ ಮೂಲದವರಲ್ಲಿ ಕಾಯಿಲೆ ಅತಿ ಹೆಚ್ಚು. ಕಪ್ಪು ಜನರಲ್ಲಿ ಅದರಿಂದ ಸಾಯುವವರ ಪ್ರಮಾಣ ಬಿಳಿಯರಿಗಿಂತ ಎಷ್ಟೋ ಪಾಲು ಹೆಚ್ಚು. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ, ಕಾಯಿಲೆ ಜೋರಾಗಿರುವ ಕಡೆಯೇ ಪರದೆ ಮಂಕಾಗಿರುವುದು ಕಾಣುತ್ತದೆ. ಆಪ್ಟರ್ ಅವರ ತಂಡಕ್ಕೆ ಇದು ಗೊತ್ತಿತ್ತು. ಕಡಿಮೆ ಆದಾಯದ ಬಡಾವಣೆಗಳ ರೋಗಿಗಳಿಗೆ ಪೋರ್ಟಲ್ ತೆರೆಯುವುದನ್ನು ಒಬ್ಬೊಬ್ಬರಿಗೂ ಕೂರಿಸಿ ಕಲಿಸಿದರು. ಅಷ್ಟಕ್ಕೇ ನಿಲ್ಲದೆ ಕೆಲವರ ಮನೆಗೆ ಸಮುದಾಯ ಆರೋಗ್ಯ ಕಾರ್ಯಕರ್ತರನ್ನೂ ಕಳಿಸಿದರು. ಇಂಟರ್ನೆಟ್ ಹುಟ್ಟಿದ ದೇಶದಲ್ಲೂ ಪೋರ್ಟಲ್ ಕಲಿಸಲು ಒಬ್ಬರು ಹೊಸ್ತಿಲು ದಾಟಿ ಹೋಗಬೇಕಾಯಿತು.

ನಮ್ಮ ಕಡೆಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ 35ರಷ್ಟು, ಗಂಡಸರು ಶೇ 62ರಷ್ಟು. ಆಮೇಲೆ ಪರಿಸ್ಥಿತಿ ಸುಧಾರಿಸಿರಬೇಕು ಎನ್ನಿ. ಆದರೆ ಈ ಅಂಕಿ 50 ದಾಟದವರದು. ಅರವತ್ತೈದರ ಅವ್ವ ಆ ಸಮೀಕ್ಷೆಯ ಲೆಕ್ಕದಲ್ಲೇ ಇಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದ ಎದೆ ಇರುವುದು ಅವಳದು.

ಅವಳು ಆಭಾ ಮಾಡಿಸಲು ಬಂದಾಗ ಏನಾಗುತ್ತದೆ ನೋಡಿ. ಆರೋಗ್ಯ ಕೇಂದ್ರದ ಚೀಟಿ ಕೌಂಟರಿನ ಹುಡುಗಿ ಆಧಾರ್ ಸಂಖ್ಯೆ ಒತ್ತುತ್ತಾಳೆ. ಒಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಫೋನಿಗೆ, ಅದು ಬೆಂಗಳೂರಿನಲ್ಲಿರುವ ಮಗನದು. ಅವ್ವ ಪಕ್ಕದವರ ಮೊಬೈಲು ಇಸಿದುಕೊಂಡು ಮಗನಿಗೆ ಹಚ್ಚುತ್ತಾಳೆ. “ಯಪ್ಪಾ, ನಿನ್ನ ಫೋನಿಗೆ ಆರು ನಂಬರ್ ಬಂದಾವಂತ, ನೋಡ ಲಗೂನ.” “ಡ್ಯೂಟಿ ಮ್ಯಾಗ ಅದೀನವ್ವಾ, ಸಂಜೀಗೆ ಹೇಳ್ತೀನಿ.” ಸಂಜೆಗೆ ಕೌಂಟರ್ ಮುಚ್ಚಿರುತ್ತದೆ, ಒಟಿಪಿಯಂತೂ ನಿಮಿಷಗಳಲ್ಲೇ ಸತ್ತಿರುತ್ತದೆ. ಬೆರಳಚ್ಚಿನ ದಾರಿ ಇದೆ ಎನ್ನುವಿರಿ. ಇದ್ದಿಲು ಮಸಿ, ಹೊಲದ ಕಳೆ, ಪಾತ್ರೆ ತಿಕ್ಕುವ ಬೂದಿ ಕಂಡ ಬೆರಳನ್ನು ಯಂತ್ರ ಗುರುತಿಸದೆ ಕಾಡುವುದು ರೇಷನ್ ಅಂಗಡಿಯ ಮುಂದೆ ನಿಂತ ಎಲ್ಲರಿಗೂ ಗೊತ್ತಿರುವ ಸಂಗತಿ.

ಹೇಗೋ ಖಾತೆ ಆಯಿತೆನ್ನಿ. ಅದು ಯಾರ ಖಾತೆ? ದಮ್ಮು ಅವ್ವನದು, ಖಾತೆಯ ಕೀಲಿ ಮಗನದು. ಮೈಸೂರಿನ ತಾಯಿಯ ಉಸಿರಿನ ಬಲ ಅಳೆದ ಸ್ಪೈರೊಮೆಟ್ರಿ ವರದಿಯನ್ನು ನ್ಯೂಜೆರ್ಸಿಯ ಮಗ ಫೋನಿನಲ್ಲಿ ತೆರೆದು ನೋಡುತ್ತಾನೆ, ಅಂಕಿ ಕೆಂಪಾಗಿದ್ದರೆ ಗಾಬರಿಯಾಗಿ ಕರೆ ಮಾಡುತ್ತಾನೆ. ಅಮ್ಮ “ಏನಿಲ್ಲ ಕಣೋ, ಚೆನ್ನಾಗಿದೀನಿ” ಅನ್ನುತ್ತಾರೆ. ಹಬ್ಬದ ಖರ್ಚು ಬಂತೆಂದು ಸ್ಟಿರಾಯ್ಡ್ ಪಂಪನ್ನು ಒಂದು ತಿಂಗಳು ಮುಂದೂಡಿದ್ದು ವರದಿಯಲ್ಲಿಲ್ಲ, ಮಾತಿನಲ್ಲೂ ಇಲ್ಲ. ಇನ್ನೊಬ್ಬರ ಪರವಾಗಿ ಖಾತೆ ನೋಡಿಕೊಳ್ಳಲು ಅಮೆರಿಕದ ಪೋರ್ಟಲ್‌ಗಳಲ್ಲಿ ಬೇರೆಯದೇ ವ್ಯವಸ್ಥೆ ಇದೆ. ಯಾರು ಏನನ್ನು ನೋಡಬಹುದು ಎಂದು ಗೆರೆ ಎಳೆಯಬಹುದು. ನಮ್ಮಲ್ಲಿ ಫೋನು ಕೈಗೆ ಕೊಟ್ಟರೆ ಮುಗಿಯಿತು. ವಯಸ್ಸಾದ ತಾಯಿಗೆ ಅದರಿಂದ ತೊಂದರೆಗಿಂತ ಅನುಕೂಲವೇ ಹೆಚ್ಚು. ಹೊಸದಾಗಿ ಮದುವೆಯಾದ ಹೆಣ್ಣುಮಗಳಿಗೆ ಹಾಗಲ್ಲ. ಅಸ್ತಮಾ ಇರುವುದನ್ನು ಮುಚ್ಚಿಟ್ಟು ಮದುವೆ ಮಾಡಿರುತ್ತಾರೆ. ಅವಳು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಪಂಪು ಎಳೆಯುತ್ತಾಳೆ. ಗಂಡನ ಫೋನಿಗೆ ಜೋಡಿಸಿದ ಆರೋಗ್ಯ ಖಾತೆ ಅವಳಿಗೆ ನೆರವಲ್ಲ, ಗುಟ್ಟು ಒಡೆಯುವ ಚಾಡಿಕೋರ.

ಎಷ್ಟೋ ಡಾಕ್ಟರುಗಳು ಅಸ್ತಮಾ ಎಂಬ ಮಾತನ್ನೇ ಎತ್ತುವುದಿಲ್ಲ. ‘ಸ್ವಲ್ಪ ವೀಸಿಂಗ್ ಇದೆ’, ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದು ತೇಲಿಸಿಬಿಡುತ್ತಾರೆ. ಮನೆಯವರ ಮುಖ ಬಾಡುವುದು ಬೇಡ ಎಂಬ ಕರುಣೆ ಅದು. ಆದರೆ ವೀಸಿಂಗ್ ಬಂದು ಹೋಗುವಂಥದು, ಅದಕ್ಕೆ ದಿನಾ ಔಷಧಿ ಯಾಕೆ ಎಂದುಕೊಂಡು ಮಗುವಿನ ತಾಯಿ ಪಂಪು ನಿಲ್ಲಿಸುತ್ತಾಳೆ. ಆಮೇಲೊಂದು ದಿನ ಪರದೆಯ ಮೇಲೆ ಅಸ್ತಮಾ ಎಂಬ ಶಬ್ದವನ್ನು ಮೊದಲ ಸಲ ಓದಿ ಕಂಗಾಲಾಗುತ್ತಾಳೆ. ದಾಖಲೆ ಬಿಚ್ಚಿ ತೋರಿಸುವ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿರುವ ಕರುಣೆ ನಡೆಯುವುದಿಲ್ಲ.

ರೋಗಿಗಳ ನಡುವಿನ ವ್ಯತ್ಯಾಸ ಫೋನಿಗೇ ಮುಗಿಯುವುದೂ ಇಲ್ಲ. ಹರೆಯಕ್ಕೆ ಮುಂಚೆ ಗಂಡುಮಕ್ಕಳಲ್ಲಿ ಅಸ್ತಮಾ ಹೆಚ್ಚು, ಆಮೇಲೆ ತಕ್ಕಡಿ ಹೆಂಗಸರ ಕಡೆ ವಾಲುತ್ತದೆ. ಬಸುರಿಯರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಉಲ್ಬಣಿಸುತ್ತದೆ, ಮತ್ತೊಂದು ಪಾಲಿನವರಿಗೆ ಕಡಿಮೆಯಾಗುತ್ತದೆ, ಉಳಿದವರಿಗೆ ಇದ್ದಂತೆಯೇ ಇರುತ್ತದೆ. ಮಗುವಿಗೆ ಏನಾದರೂ ಆದೀತೆಂದು ಮೂರೂ ಪಾಲಿನವರು ಪಂಪು ಬಿಡುವುದುಂಟು. ಮಗುವಿಗೆ ಕೇಡು ಔಷಧಿಗಿಂತ ತಾಯಿಯ ಉಬ್ಬಸದಿಂದಲೇ ಹೆಚ್ಚು ಎಂಬುದನ್ನು ಯಾರಾದರೂ ಅತ್ತೆಗೂ ಕೂರಿಸಿ ಹೇಳಬೇಕಾಗುತ್ತದೆ. ಹದಿನಾರರ ಹುಡುಗನಿಗೆ ಫೋನು ಅಂಗೈ ರೇಖೆಯಷ್ಟು ಪರಿಚಿತ, ಆದರೆ ಗೆಳೆಯರ ಮುಂದೆ ಪಂಪು ತೆಗೆಯಲು ನಾಚಿಕೆ. ಎಪ್ಪತ್ತರ ಮುದುಕರಿಗೆ ನಾಚಿಕೆಯಿಲ್ಲ, ಸಂಧಿವಾತದ ಬೆರಳಿಗೆ ಡಬ್ಬಿ ಒತ್ತುವ ಕಸುವಿಲ್ಲ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಸುಮಾರು 20 ಸಾವಿರ ಮಕ್ಕಳ ದಾಖಲೆಯಿಂದ ಅಸ್ತಮಾದ ಏರಿಕೆಯನ್ನು ತೋರಿಸಿದ್ದರು: 1979ರಲ್ಲಿ ಶೇ 9, 1999ರ ಹೊತ್ತಿಗೆ ಶೇ 29.5. ಆಗಿನ ಆ ಮಕ್ಕಳು ಈಗ ಮೂವತ್ತು, ನಲವತ್ತರ ಆಸುಪಾಸಿನವರು. ಆ್ಯಪ್ ಬಳಸಬಲ್ಲ ಅಸ್ತಮಾ ರೋಗಿಗಳ ತಲೆಮಾರೊಂದು ನಮ್ಮಲ್ಲೂ ಇದೆ ಎಂಬುದನ್ನು ಮರೆಯಬಾರದು. ಅವರಿಗೆ ಪೋರ್ಟಲ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅವರ ತಾಯಂದಿರಿಗೂ ಅದೇ ಪೋರ್ಟಲ್ ಸಾಕು ಎಂದುಕೊಳ್ಳುವುದನ್ನು ನಾನು ಒಪ್ಪಲಾರೆ.

ಕೆಲವು ವ್ಯತ್ಯಾಸಗಳು ರೋಗಿಗೂ ಕಾಣುವುದಿಲ್ಲ. ಉಸಿರುನಾಳ ಅರ್ಧ ಮುಚ್ಚಿಕೊಂಡಿದ್ದರೂ ‘ಪರವಾಗಿಲ್ಲ’ ಎನ್ನುವವರಿದ್ದಾರೆ. ಅವರು ಗಟ್ಟಿಗರೆಂದಲ್ಲ, ಉಸಿರು ಕಟ್ಟಿದ್ದನ್ನು ಮಿದುಳಿಗೆ ತಿಳಿಸುವ ಗಂಟೆಯೇ ಅವರಲ್ಲಿ ಮೆಲ್ಲಗೆ ಬಾರಿಸುತ್ತದೆ. 1994ರಲ್ಲಿ ಜಪಾನಿನ ಸಂಶೋಧಕರು ಸಾವಿನಂಚಿಗೆ ಹೋಗಿ ಬದುಕಿಬಂದ ಅಸ್ತಮಾ ರೋಗಿಗಳನ್ನು ಪರೀಕ್ಷಿಸಿದಾಗ, ಏದುಸಿರಿನ ಅರಿವೂ ಆಮ್ಲಜನಕ ಕಡಿಮೆಯಾದಾಗ ದೇಹ ತೋರುವ ಪ್ರತಿಕ್ರಿಯೆಯೂ ಅವರಲ್ಲಿ ಮಂಕಾಗಿರುವುದು ಗೊತ್ತಾಯಿತು. ‘ಇವತ್ತು ನಿಮಗೆ ಹೇಗನ್ನಿಸುತ್ತಿದೆ’ ಎಂದು ಕೇಳಿ ನಗುಮುಖ, ಅಳುಮುಖದ ಚಿತ್ರ ಒತ್ತಿಸುವ ಆ್ಯಪ್ ಇಂಥವರಿಗೆ ಅಪಾಯ. ಅವರು ನಗುಮುಖ ಒತ್ತಿ ಮಲಗುತ್ತಾರೆ. ಪೀಕ್ ಫ್ಲೋ ಮೀಟರಿನ ಮುಳ್ಳು ಬೇಕಾಗಿರುವುದು ಮುಖ್ಯವಾಗಿ ಅವರಿಗೆ. ಅದರಲ್ಲಿ ಲೆಕ್ಕವನ್ನು ಮೊದಲೇ ಮಾಡಿಟ್ಟಿರಬೇಕು. ಒಳ್ಳೆಯ ದಿನ 400 ಊದುವವರಿಗೆ ಡಾಕ್ಟರೋ ನರ್ಸೋ ಮೀಟರಿನ ಮೇಲೆಯೇ 320ಕ್ಕೊಂದು, 200ಕ್ಕೊಂದು ಬಣ್ಣದ ಟೇಪು ಅಂಟಿಸಿಬಿಟ್ಟರೆ ಶೇಕಡಾವಾರಿನ ಗೊಡವೆಯೇ ಇಲ್ಲ.

ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿಗೆ ಹೋದವರಿಗೆ ಆ ವಾಸನೆ ಮರೆಯುವುದಿಲ್ಲ. ಕುದಿನೀರಿನ ಹಬೆ, ಸತ್ತ ಹುಳುವಿನ ನಾತ, ಒಳಗೆ ನಿಂತ ಗಾಳಿ. 1985ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ರೇಷ್ಮೆ ಫಿಲೇಚರ್ ಕೆಲಸಗಾರರಲ್ಲಿ ಕಸುಬಿನಿಂದಲೇ ಬರುವ ಅಸ್ತಮಾ ಇರುವುದನ್ನು ದಾಖಲಿಸಿದ್ದರು. ರಜೆಯ ದಿನ ಎದೆ ಹಗುರ, ಕೆಲಸಕ್ಕೆ ಹೋದ ದಿನ ಬಿಗಿತ ಎಂಬುದು ಈ ಬಗೆಯ ಗುರುತು. ಪೋರ್ಟಲ್‌ನ ‘ಸ್ವಯಂ ನಿರ್ವಹಣೆ’ ಪುಟ ಇವರಿಗೆ ಕೊಡುವ ಸಲಹೆ, ‘ಪ್ರಚೋದಕಗಳಿಂದ ದೂರವಿರಿ’. ದೂರವಿದ್ದರೆ ಕೂಲಿ ಯಾರು ಕೊಡುತ್ತಾರೆ? ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ಹೊರುವವರಿಗೂ ಅದೇ ಪ್ರಶ್ನೆ. ಇಂಥ ಸಲಹೆ ಬರೆದವರು ಕಚೇರಿಯಲ್ಲಿ ಕೂತು ದುಡಿಯುವವರಿರಬೇಕು.

ಪರದೆಗೆ ಕಾಣದ ಇನ್ನೊಂದು ಸಂಗತಿ ಕೈಯ ಕೆಲಸ. ನಮ್ಮಲ್ಲಿ ಬಹಳ ಜನ ಬಳಸುವುದು ರೋಟಾಹೇಲರ್. ಕ್ಯಾಪ್ಸೂಲನ್ನು ಅದರ ತೂತಿಗೆ ಸಿಕ್ಕಿಸಿ, ತಿರುವಿ, ಒಡೆದುಕೊಂಡ ಕ್ಯಾಪ್ಸೂಲಿನ ಪುಡಿಯನ್ನು ಒಂದೇ ದಮ್ಮಿಗೆ ಜೋರಾಗಿ ಒಳಗೆಳೆಯಬೇಕು. ಒತ್ತುವ ಪಂಪಿನದು ಇದಕ್ಕೆ ತೀರಾ ಉಲ್ಟಾ: ಮೊದಲು ಉಸಿರು ಪೂರ್ತಿ ಬಿಟ್ಟು, ಆಮೇಲೆ ಡಬ್ಬಿ ಒತ್ತುತ್ತಾ ನಿಧಾನಕ್ಕೆ ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಬಿಗಿಹಿಡಿಯಬೇಕು. ಒಬ್ಬರಿಗೇ ಎರಡೂ ಬರೆದುಕೊಟ್ಟಾಗ ಜೋರಾಗಿ ಎಳೆಯಬೇಕಾದದ್ದನ್ನು ಮೆಲ್ಲಗೆ, ಮೆಲ್ಲಗೆ ಎಳೆಯಬೇಕಾದದ್ದನ್ನು ಗಬಕ್ಕನೆ ಎಳೆಯುತ್ತಾರೆ. ಕೆಲವರು ರೋಟಾಹೇಲರಿನೊಳಕ್ಕೆ ಉಸಿರು ಬಿಟ್ಟು ಪುಡಿಯನ್ನು ಹಾರಿಸುತ್ತಾರೆ. ಇನ್ನು ಕೆಲವರು ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿಯೇಬಿಡುತ್ತಾರೆ. ಕ್ಯಾಪ್ಸೂಲು ಇರುವುದೇ ನುಂಗಲು ತಾನೇ, ಅವರ ತಪ್ಪೇನು? ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟುಹಾಕಿ 2016ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರಲ್ಲಿ ಇನ್ಹೇಲರನ್ನು ಸರಿಯಾಗಿ ಬಳಸಿದವರು ಶೇ 31 ಮಾತ್ರ. ಆ ನಲವತ್ತು ವರ್ಷಗಳಲ್ಲಿ ಸುಧಾರಣೆಯೂ ಆಗಿರಲಿಲ್ಲ. ಪೋರ್ಟಲ್‌ನ ದಾಖಲೆಯಲ್ಲಿ ‘ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳುತ್ತಿದ್ದಾರೆ’ ಎಂದಷ್ಟೇ ಇರುತ್ತದೆ. ಎದೆಗೆ ಹೋಯಿತೋ, ಗಂಟಲಲ್ಲೇ ಉಳಿಯಿತೋ, ಹೊಟ್ಟೆಗಿಳಿಯಿತೋ ಎಂಬುದಕ್ಕೆ ಕಾಲಂ ಇಲ್ಲ. ‘ಎಲ್ಲಿ, ಒಂದು ಸಲ ಎಳೆದು ತೋರಿಸಿ’ ಎಂದು ಕೇಳುವ ಒಬ್ಬರು ಬೇಕು.

ಕಾಲಂ ಇಲ್ಲದ್ದು ಇನ್ನೂ ಇದೆ. ಪ್ರತಿವರ್ಷ ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿನಲ್ಲಿ ಜೀವಂತ ಮೀನಿನ ಮರಿಯ ಬಾಯಿಗೆ ಮದ್ದು ತುಂಬಿ ನುಂಗಿಸುತ್ತಾರೆ. ಸಾವಿರಾರು ಜನ ಸೇರುತ್ತಾರೆ, ನಮ್ಮವರೂ ಹೋಗುತ್ತಾರೆ. ಅದು ಅಸ್ತಮಾವನ್ನು ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಹೋಗಿಬಂದವರು ಪಂಪು ನಿಲ್ಲಿಸುತ್ತಾರೆ, ನಿಲ್ಲಿಸಿದ್ದನ್ನು ಡಾಕ್ಟರಿಗೆ ಹೇಳುವುದಿಲ್ಲ ಎಂಬುದು. ಹೇಳಿದರೆ ಬೈಗುಳ ಗ್ಯಾರಂಟಿ. ಬೈದ ಡಾಕ್ಟರಿಗೆ ಮುಂದಿನ ಸಲ ಸುಳ್ಳು ಮಾಹಿತಿ ಸಿಗುತ್ತದೆ, ಅದೇ ಸುಳ್ಳು ಕಂಪ್ಯೂಟರಿಗೂ ಏರುತ್ತದೆ. ‘ಪಂಪು ಹಿಡಿದರೆ ಬಿಡೋಕಾಗಲ್ಲ, ಅದು ಕೊನೇ ಔಷಧಿ’ ಎಂಬ ಮಾತಂತೂ ಹಳ್ಳಿ, ಪಟ್ಟಣ ಎನ್ನದೆ ಎಲ್ಲ ಕಡೆ ಇದೆ.

ಇಷ್ಟೆಲ್ಲ ಆದ ಮೇಲೂ ನನ್ನನ್ನು ಅತಿಯಾಗಿ ಕಾಡುವುದು ಮೆಡಿಕಲ್ ಶಾಪಿನ ಕೌಂಟರು. ಬ್ರಿಟನ್ನಿನಲ್ಲಿ ಅಸ್ತಮಾದಿಂದಾದ 195 ಸಾವುಗಳನ್ನು ಒಂದೊಂದಾಗಿ ಬಗೆದು ನೋಡಿದ ರಾಷ್ಟ್ರೀಯ ಪರಿಶೀಲನೆಯ ವರದಿ 2014ರಲ್ಲಿ ಹೊರಬಂತು. ಸತ್ತವರ ಪೈಕಿ ಬರಹದ ಕ್ರಿಯಾಯೋಜನೆ, ಅಂದರೆ ಮೊದಲು ಹೇಳಿದಂಥ ಹಾಳೆ, ಕೊಟ್ಟಿದ್ದು ಶೇ 23 ಮಂದಿಗೆ ಮಾತ್ರ. ಶೇ 45 ಮಂದಿ ವೈದ್ಯರನ್ನು ಕರೆಯುವ ಮೊದಲೇ ಅಥವಾ ತುರ್ತು ನೆರವು ಸಿಗುವ ಮೊದಲೇ ತೀರಿಕೊಂಡಿದ್ದರು. ಔಷಧಿಯ ಲೆಕ್ಕ ಸಿಕ್ಕ 165 ಮಂದಿಯಲ್ಲಿ 65 ಮಂದಿಗೆ ಸಾಯುವ ಹಿಂದಿನ ವರ್ಷ ತಕ್ಷಣದ ಉಪಶಮನದ ಪಂಪುಗಳನ್ನು 12ಕ್ಕಿಂತ ಹೆಚ್ಚು ಬರೆದುಕೊಡಲಾಗಿತ್ತು. ಆರು ಮಂದಿಗೆ 50ಕ್ಕೂ ಹೆಚ್ಚು! ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್. ವರ್ಷಕ್ಕೆ ಹನ್ನೆರಡು ಎಂದರೆ 2,400 ಪಫ್, ದಿನಕ್ಕೆ ಆರೇಳು. ವರ್ಷಕ್ಕೆ ಮೂರು ಪಂಪು ಮುಗಿಸುವವರಿಗೇ ಉಬ್ಬಸ ಕೆರಳುವ ಅಪಾಯ ಹೆಚ್ಚು, ಹನ್ನೆರಡು ಮುಟ್ಟಿದರೆ ಜೀವಕ್ಕೇ ಅಪಾಯ ಎಂದು ಗಿನಾ ಎಚ್ಚರಿಸುತ್ತದೆ. ಅಸ್ತಮಾದಲ್ಲಿ ಇಷ್ಟು ಅಗ್ಗವಾಗಿ ಸಿಗುವ, ಇಷ್ಟು ನಿಚ್ಚಳವಾದ ಅಪಾಯದ ಸೂಚನೆ ಇನ್ನೊಂದಿಲ್ಲ.

ಬ್ರಿಟನ್ನಿನವರಿಗೆ ಆ ಲೆಕ್ಕ ಸತ್ತ ಮೇಲಾದರೂ ಸಿಕ್ಕಿತು, ಯಾಕೆಂದರೆ ಪ್ರತಿ ಪಂಪೂ ಡಾಕ್ಟರ ಚೀಟಿಯ ಮೂಲಕ ಹೋಗಿತ್ತು. ನಮ್ಮಲ್ಲಿ ಸಾಲ್ಬುಟಮಾಲ್ ಪಂಪು ಹೇಗೆ ಕೈ ಬದಲಾಯಿಸುತ್ತದೆ? ಖಾಲಿ ಡಬ್ಬಿಯನ್ನು ಗಾಜಿನ ಕೌಂಟರಿನ ಮೇಲಿಟ್ಟು “ಇದೇ ಇನ್ನೊಂದು ಕೊಡಿ” ಎನ್ನುತ್ತಾರೆ. ಅಂಗಡಿಯವನು ತಿರುಗಿ ನೋಡದೆಯೇ ಹಿಂದಿನ ಅರೆಯಿಂದ ತೆಗೆದಿಡುತ್ತಾನೆ. ಚೀಟಿಯಿಲ್ಲ, ಹೆಸರಿಲ್ಲ, ಬಿಲ್ ಬೇಕೆಂದು ಕೇಳಿದರೆ ಉಂಟು. ಮುಂದಿನ ತಿಂಗಳು ಆಫೀಸಿನ ಹತ್ತಿರದ ಇನ್ನೊಂದು ಅಂಗಡಿ. ಆಭಾದ 14 ಅಂಕಿಗೆ ಇದರ ಸುಳಿವೇ ಇರುವುದಿಲ್ಲ. ದಾಖಲೆಯಲ್ಲಿ ಆ ರೋಗಿ ವರ್ಷಕ್ಕೊಮ್ಮೆ ಡಾಕ್ಟರನ್ನು ಕಂಡ, ಕಾಯಿಲೆ ಹತೋಟಿಯಲ್ಲಿರುವ ಮನುಷ್ಯ. 2019ರ ಜಾಗತಿಕ ರೋಗಹೊರೆಯ ಅಂದಾಜಿನಲ್ಲಿ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13ರಷ್ಟು ಮಂದಿ ಭಾರತದವರು. ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ನ್ನು ಮೀರುತ್ತದೆ. ಈ ಅಂತರಕ್ಕೆ ಕಾರಣ ಹಲವು. ಆದರೆ ಹೆಸರಿಲ್ಲದೆ ಮಾರಾಟವಾಗುವ ಈ ಪಂಪುಗಳನ್ನು ಬದಿಗಿಟ್ಟು ಅದನ್ನು ಅರ್ಥಮಾಡಿಕೊಳ್ಳಲಾಗದು.

ಹಾಗೆಂದು ಚೀಟಿಯಿಲ್ಲದೆ ಕೊಡಬಾರದೆಂದು ಕಟ್ಟುನಿಟ್ಟು ಮಾಡಿದರೆ, ಭಾನುವಾರ ರಾತ್ರಿ ದಮ್ಮು ಕಟ್ಟಿದವರು ಎಲ್ಲಿಗೆ ಹೋಗಬೇಕು? ಕೊಡಲಿ, ಆದರೆ ಬರೆದಿಟ್ಟು ಕೊಡಲಿ. ಪೋರ್ಟಲ್‌ಗೆ ಸುರಿಯುತ್ತಿರುವ ಹಣದಲ್ಲಿ ಒಂದಿಷ್ಟನ್ನು ಔಷಧಿ ಅಂಗಡಿಯವರನ್ನು ಈ ಸರಪಣಿಯೊಳಗೆ ತರಲು ಖರ್ಚು ಮಾಡಬೇಕು. ಊರಿನ ಉಬ್ಬಸದವರ ನಾಡಿ ಹೆಚ್ಚು ಗೊತ್ತಿರುವುದು ಅವರಿಗೇ.

ಇ-ಸಂಜೀವಿನಿಯ ಒಂದು ಬಾಗಿಲು ನನಗೆ ಇಷ್ಟವಾಗುವುದೂ, ರೋಗಿಗೂ ಪರದೆಗೂ ನಡುವೆ ಒಬ್ಬ ಮನುಷ್ಯರಿರುತ್ತಾರೆ ಎಂಬ ಕಾರಣಕ್ಕೆ. ಅವ್ವ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ತನ್ನ ಕಂಪ್ಯೂಟರಿನಿಂದ ದೂರದ ಡಾಕ್ಟರಿಗೆ ಕರೆ ಹಚ್ಚಿಕೊಡುತ್ತಾರೆ. ಲಾಗಿನ್ ಆ ಅಧಿಕಾರಿಯ ತಲೆನೋವು. ಅವ್ವನ ಪಾಲಿಗೆ ಉಳಿಯುವುದು ಮಾತಾಡುವುದು, ಪಂಪು ಎಳೆದು ತೋರಿಸುವುದು. ಪರದೆಯ ಮುಂದೆ ಅವಳ ಕಡೆಯವರೊಬ್ಬರು ಕೂತಿದ್ದಾರೆ, ಅಷ್ಟೇ ಬೇಕಾಗಿರುವುದು. ಅಲ್ಲಿ ಗಿನಾದ ನಾಲ್ಕು ಪ್ರಶ್ನೆಗಳನ್ನು ಅವಳ ಮಾತಿನಲ್ಲೇ ಕೇಳಬಹುದು. ಹೋದ ನಾಲ್ಕು ವಾರದಲ್ಲಿ ಹಗಲು ಹೊತ್ತು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ? ರಾತ್ರಿ ದಮ್ಮು ಕಟ್ಟಿ ಎಚ್ಚರವಾಯಿತೇ? ತಕ್ಷಣದ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಉಸಿರಿನಿಂದಾಗಿ ಯಾವುದಾದರೂ ಕೆಲಸ ಬಿಡಬೇಕಾಯಿತೇ? ಒಂದಕ್ಕೂ ಹೌದು ಅನ್ನದಿದ್ದರೆ ಹತೋಟಿಯಲ್ಲಿದೆ, ಒಂದೆರಡಕ್ಕೆ ಹೌದಾದರೆ ಅರೆಹತೋಟಿ, ಮೂರು ನಾಲ್ಕಕ್ಕೆ ಹೌದಾದರೆ ಕೈಮೀರಿದೆ. ಶೇಕಡಾವಾರು ಇಲ್ಲ, ಓದು ಬೇಕಿಲ್ಲ. ಖಾತೆ ತೆರೆಯುವ ಫಾರಂನಲ್ಲಿ ಐದನೆಯ ಪ್ರಶ್ನೆಯೊಂದು ಸೇರಲಿ: ಈ ಫೋನು ಯಾರದು, ನಿಮ್ಮ ಕಾಯಿಲೆಯ ಸಂದೇಶ ಅವರಿಗೆ ಹೋದರೆ ಅಡ್ಡಿಯಿಲ್ಲವೇ?

ಅದೆಲ್ಲ ಬರುವವರೆಗೆ ಒಂದು ಪೆನ್ನು ಸಾಕು. ಹೊಸ ಪಂಪು ತಂದ ದಿನ ಅದರ ಮೇಲೆಯೇ ತಾರೀಖು ಬರೆದಿಡಿ. ಓದು ಬಾರದ ಅವ್ವನ ಪಂಪಿನ ಮೇಲೆ ಮೊಮ್ಮಗಳು ಬರೆಯಲಿ. 200 ಪಫ್‌ನ ಉಪಶಮನದ ಪಂಪು ನಾಲ್ಕು ತಿಂಗಳೊಳಗೆ ಖಾಲಿಯಾಯಿತೆಂದರೆ, ಅದೇ ಖಾಲಿ ಪಂಪನ್ನು ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ತಾರೀಖು ತೋರಿಸಿ.